ಕಳಿಸಿಕೊಡುವವರ ಕುರ್ಚಿ

ನಮ್ಮ ಕಚೇರಿಯಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಅನುಮಾನರಾಯರಿಗೆ ಗಿರಾಕಿ ಎಂದರೆ ಅರ್ಧ ಕಳ್ಳ. 'ಅನುಮಾನರಾಯ' ಎಂಬ ಅಡ್ಡಹೆಸರು ಇಟ್ಟವನು ಪಕ್ಕದ ಮೇಜಿನ ನಾನೇ ಎಂದೂ ಅವರಿಗೆ ಅನುಮಾನವಿದೆ. ಹೊರದೇಶಕ್ಕೆ ಕೆಲಸದ ಮೇಲೆ ಹೊರಟವರು "ಹೋಗೋದಕ್ಕೆ ಮಾತ್ರ ಸಾಕು" ಎಂದರೆ ಅವರ ಕನ್ನಡಕ ಮೂಗಿನ ತುದಿಗೆ ಜಾರುತ್ತದೆ: "ಯಾರಿಂದ ತಪ್ಪಿಸ್ಕೊಂಡು ಓಡ್ತಿದೀರಿ?" "ಹೋಗಿಬರೋದಕ್ಕೆ" ಎಂದವರನ್ನೂ ಬಿಡುವುದಿಲ್ಲ: "ಸೇರೋ ಮುಂಚೇನೇ ಕೆಲಸ ಬಿಡೋ ಯೋಚನೆನಾ?" ಹೋಗಿಬರುವ ಟಿಕೆಟ್ಟೇ ಅಗ್ಗವೆಂದು ತೋರಿಸಿದ ದಿನವಂತೂ ಕಂಪ್ಯೂಟರನ್ನೇ ಗದರಿದರು: "ಹೋಗೋದಕ್ಕಿಂತ ಹೋಗಿಬರೋದು ಕಡಿಮೆನಾ? ಇದರಲ್ಲೇನೋ ಮಸಲತ್ತಿದೆ!" ಕೊನೆಗೆ ಹೊರಟವರ ಮಾತನ್ನು ಕಿವಿಗೇ ಹಾಕಿಕೊಳ್ಳದೆ, ಪಕ್ಕದ ಕುರ್ಚಿಯಲ್ಲಿ ಕೂತ ಹೆಂಡತಿಯನ್ನೋ ತಮ್ಮನನ್ನೋ ಅಮ್ಮನನ್ನೋ ದಿಟ್ಟಿಸಿ, "ನೀವು ಹೇಳಿ, ಇವರು ವಾಪಸ್ ಬರ್ತಾರಾ?" ಎನ್ನುತ್ತಾರೆ. ಬಾಯಿ ಏನೇ ಹೇಳಲಿ, ಆ ಮುಖ ನೋಡಿಯೇ ಯಾವ ಟಿಕೆಟ್ ಎಂದು ರಾಯರ ತೀರ್ಮಾನ. ಮೊನ್ನೆ ಅವರ ಮಗಳು ಬಂದಳು. ದೂರದೇಶದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಒಬ್ಬಳೇ ಎದುರು ಕೂತು, "ಹೋಗೋದಕ್ಕೆ ಮಾತ್ರ ಸಾಕಪ್ಪ" ಎಂದಳು. ರಾಯರು ಅವಳಿಗೆ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ಅಭ್ಯಾಸಬಲದಿಂದ ಪಕ್ಕದ ಕುರ್ಚಿಯತ್ತ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ. ಆ ಖಾಲಿ ಕುರ್ಚಿಯನ್ನೇ ಸ್ವಲ್ಪ ಹೊತ್ತು ಅನುಮಾನದಿಂದ ನೋಡಿದರು. ಆಮೇಲೆ ಕನ್ನಡಕ ತೆಗೆದಿಟ್ಟು, ಮೇಜು ಸುತ್ತಿ ಬಂದು, ಅದರಲ್ಲಿ ತಾವೇ ಕೂತು, ನನ್ನ ಕಡೆ ಮುಖ ಮಾಡಿ, "ಈಗ ಆ ಪ್ರಶ್ನೆ ನೀವು ನನ್ನನ್ನ ಕೇಳಿ" ಎಂದರು.