ನಕ್ಷೆಯ ಮೇಲಿನ ಕುರಿಹಿಕ್ಕಿ

ಆ ಕುರಿಗಾಹಿ ಹೆಂಗಸು ಶಹಾಪುರದ ನಮ್ಮ ನಗರ ಯೋಜನಾ ಕಚೇರಿಗೆ ಬಂದಾಗಲೆಲ್ಲ, ಕುರ್ಚಿ ತೋರಿಸಿದರೂ ಕೂರುತ್ತಿರಲಿಲ್ಲ. ಕೋಲನ್ನು ಬಾಗಿಲಿಗೆ ಆನಿಸಿ, ‘ಒಮ್ಮೆ ನಮ್ಮ ಬಯಲಿಗೆ ನಡಕೊಂತ ಬಂದು ನೋಡ್ರಿ ಸಾಹೇಬ್ರ’ ಎನ್ನುತ್ತಿದ್ದಳು. ನಾವು ಹೋಗಲಿಲ್ಲ.

ಸೈನ್ಯದವರು ಗುಂಡು ಹಾರಿಸಿ ಅಭ್ಯಾಸ ಮಾಡುವ ಮೈದಾನದ ಸುತ್ತಲಿನ ಜಮೀನಿಗೆ ಯೋಜನೆ ಮಾಡುತ್ತಿದ್ದೆವು. ಆಕೆಯ ಕುರಿ ಮೇಯುವ ಬಯಲನ್ನು ನಕ್ಷೆಯಲ್ಲಿ ‘ಖಾಲಿ’ ಎಂದು ಬರೆದು, ಮೈದಾನದ ಬೇಲಿಯ ತನಕ ಮನೆ ನಿವೇಶನ ಗುರುತಿಸಿದ್ದೆವು. ಆಕ್ಷೇಪಣೆ ಕೇಳುವ ದಿನ ಆಕೆ ಉಡಿಯಿಂದ ಒಂದು ಹಿಡಿ ಕುರಿಹಿಕ್ಕಿ ತೆಗೆದು, ಕುರಿ ನಡೆಯುವ ದಾರಿಯುದ್ದಕ್ಕೂ ನಕ್ಷೆಯ ಮೇಲೆ ಒಂದೊಂದಾಗಿ ಇಟ್ಟಳು.

‘ಇದು ಖಾಲಿ ಐತೇನ್ರಿ? ಗುಂಡು ಹಾರಸೋ ದಿನ ಕೆಂಪು ನಿಶಾನಿ ಏರಸ್ತಾರ. ನಾ ಕುರಿ ಹೊಡಕೊಂಡು ಆಚಿ ಹೋಗ್ತೀನಿ. ನಿಮ್ಮ ಮನಿಗಳನ್ನ ಯಾರು ಹೊಡಕೊಂಡು ಹೋಗ್ತಾರ್ರಿ?’

ನಮ್ಮ ಸಾಹೇಬರು ಮೂಗು ಮುಚ್ಚಿಕೊಂಡು, ‘ಮೊದಲು ಈ ಹೊಲಸು ತೆಗೀರಿ’ ಎಂದರು. ಅಷ್ಟೇ ಉತ್ತರ! ‘ಖಾಲಿ’ ಎಂದು ಬರೆದಿದ್ದ ಗುಮಾಸ್ತ ನಾನೇ. ಹಿಕ್ಕಿ ಗುಡಿಸಿ ಹಾಕಿದವನೂ ನಾನೇ.

ಈಗ ಅಲ್ಲಿ ಮನೆಗಳೆದ್ದಿವೆ. ಕೆಂಪು ಬಾವುಟ ಏರಿದ ದಿನ ತಾಯಂದಿರು ಮಕ್ಕಳನ್ನು ಒಳಗೆಳೆದು ಬಾಗಿಲು ಹಾಕಿಕೊಳ್ಳುತ್ತಾರೆ. ಮನೆ ಕಟ್ಟುವಾಗ ಅವರಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು.