ಡಿಸ್ಕಿಗೆ ಹಚ್ಚಿದ ಕುಂಕುಮ

ಈ ಸಲದ ಆಯುಧಪೂಜೆಯ ದಿನ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಮೂರನೇ ಮಹಡಿಯ ಹೆಂಗಸೊಬ್ಬರು ಸ್ಟೀಲ್ ಬಟ್ಟಲಿನಲ್ಲಿ ಕುಂಕುಮಕ್ಕೆ ಕೊಬ್ಬರಿ ಎಣ್ಣೆ ಹಾಕಿ ಕಲಸುತ್ತಿದ್ದರು. ಆ ವಾಸನೆ ಮೂಗಿಗೆ ಬಂದದ್ದೇ ನಾನು ಮೆಟ್ಟಿಲ ಮೇಲೇ ನಿಂತೆ. ಅವರು ಮಗನ ಬೈಕಿನ ಹೆಡ್‌ಲೈಟಿಗೆ ಬೊಟ್ಟಿಟ್ಟರು, ಹ್ಯಾಂಡಲಿಗೆ ಇಟ್ಟರು, ಆಮೇಲೆ ಬೆರಳನ್ನು ಇನ್ನೊಮ್ಮೆ ಬಟ್ಟಲಲ್ಲಿ ಅದ್ದಿ ಮುಂದಿನ ಚಕ್ರದ ಹೊಳೆಯುವ ತಟ್ಟೆಯ ಕಡೆ ಬಾಗಿದರು.

"ಬ್ಯಾಡ್ರೀ! ಅಲ್ಲಿ ಬ್ಯಾಡ!" ಎಂದು ಕೂಗಿಬಿಟ್ಟೆ.

ಅವರು ತೆಲುಗಿನವರು. ಮಾತು ತಿಳಿಯದಿದ್ದರೂ ದನಿಗೆ ಬೆದರಿ ಬಟ್ಟಲು ಕೆಳಗೆ ಬೀಳಿಸಿದರು. ಕೆಳಗಿಳಿದು ನೆಲ ಒರೆಸುತ್ತ ಅವರ ಭಾಷೆಯಲ್ಲೇ ಹೇಳಿದೆ. ಅದು ಬರೀ ತಟ್ಟೆಯಲ್ಲ, ಬ್ರೇಕು. ಅದಕ್ಕೆ ಎಣ್ಣೆ ತಗುಲಿದರೆ ಗಾಡಿ ನಿಲ್ಲುವುದಿಲ್ಲ. ಹೇಳುತ್ತ ಹೇಳುತ್ತ ನನಗೇ ಸಿಟ್ಟು ಬಂತು, ಅವರ ಮೇಲಲ್ಲ. ಆ ಮಾತು ನನ್ನದಾಗಿರಲಿಲ್ಲ. ಹಿಮಾಯತ್‌ನಗರದ ಹಳೆಯ ಮನೆಯಲ್ಲಿ ನಮ್ಮ ಕೆಳಗಿನ ಪೋರ್ಷನ್ನಿನಲ್ಲಿದ್ದ ಕಾಕಾನದಾಗಿತ್ತು.

ಕಾಕಾ ನಮ್ಮ ಸಂಬಂಧಿಕರಲ್ಲ. ಅವರ ಹಿರಿಯರೂ ನಮ್ಮ ಹಿರಿಯರೂ ಕಲಬುರಗಿ ಕಡೆಯಿಂದ ಈ ತೆಲುಗು ಸೀಮೆಗೆ ಬಂದವರು, ಅಷ್ಟೇ ನಂಟು. ನಾಂಪಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಹೆಂಡತಿ ತೀರಿಹೋಗಿದ್ದರು, ಮಗಳು ಕಲಬುರಗಿಯಲ್ಲಿದ್ದಳು. ಗೇರಿನ ಒಂದೇ ಸ್ಕೂಟರನ್ನು ನೌಕರಿ ಇರುವಷ್ಟು ಕಾಲವೂ ಓಡಿಸಿದ್ದರು, ಒಮ್ಮೆಯೂ ಬಿದ್ದಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಎಂದೂ ಬೀಳದವರಿಗೆ ಬೇರೆಯವರು ಗಾಡಿ ಮುಟ್ಟಿದರೆ ಸಾಕು, ಬಿದ್ದೇ ಬೀಳುತ್ತಾರೆ ಅನಿಸುತ್ತದೆ.

ನಾನಾಗ ಗಂಡನ ಮನೆಯಿಂದ ಅವ್ವನ ಮನೆಗೆ ವಾಪಸು ಬಂದು ಎರಡು ವರ್ಷವಾಗಿತ್ತು. ನಾಚಾರಂನಲ್ಲಿ ಔಷಧಿ ಪ್ಯಾಕ್ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಆರು ತಿಂಗಳು ತಾತ್ಕಾಲಿಕ, ಆಮೇಲೆ ಕಾಯಂ. ಗೇಟು ಎಂಟಕ್ಕೆ ಮುಚ್ಚುತ್ತಿತ್ತು. ಎರಡು ಬಸ್ಸು, ಒಂದು ಶೇರ್ ಆಟೋ ಬದಲಿಸಿ ನಾನು ತಲುಪುವಷ್ಟರಲ್ಲಿ ವಾರಕ್ಕೆರಡು ಸಲವಾದರೂ ಗೇಟು ಮುಚ್ಚಿರುತ್ತಿತ್ತು. ಸೂಪರ್‌ವೈಸರ್ ಕರೆದು, "ಹೀಗೇ ನಡೆದರೆ ಕಾಯಂ ಮಾತು ಎತ್ತಬೇಡಿ" ಎಂದಿದ್ದರು. ನನಗೂ ಅವ್ವನಿಗೂ ಬೇರೆ ಆಧಾರ ಇರಲಿಲ್ಲ. ಭಾನುವಾರ ಹೋಗಿ ಒಂದು ಸ್ಕೂಟರ್ ತಂದುಬಿಡುತ್ತೇನೆ ಅಂದುಕೊಂಡೆ. ಅದನ್ನು ಮೆಟ್ಟಿಲ ಮೇಲೆ ನಿಂತು ಅವ್ವನಿಗೆ ಗಟ್ಟಿಯಾಗಿ ಹೇಳಿದ್ದೇ ತಪ್ಪಾಯಿತು.

ಭಾನುವಾರ ಬೆಳಿಗ್ಗೆ ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ದರ್ಜಿಯ ಟೇಪು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಟೇಪ್ ಯಾಕ್ರಿ ಕಾಕಾ?"

"ನಿನ್ನ ಕಾಲು ಅಳ್ಯಾಕ. ಗಾಡಿ ಕಣ್ಣಿಲೆ ಆರಸಂಗಿಲ್ಲವಾ, ಕಾಲಿಲೆ ಆರಸಬೇಕು."

ಒಂದಲ್ಲ, ಆರು ಭಾನುವಾರ ಹೋದವು. ಪ್ರತಿ ಶೋರೂಮಿನಲ್ಲೂ ಒಂದೇ ಕಥೆ. ನನ್ನನ್ನು ಸೀಟಿನ ಮೇಲೆ ಕೂರಿಸುವುದು, ಎರಡೂ ಹಿಮ್ಮಡಿ ನೆಲಕ್ಕೆ ಊರುತ್ತವೆಯೇ ಎಂದು ಕುಕ್ಕರುಗಾಲಲ್ಲಿ ಕೂತು ನೋಡುವುದು. "ತುದಿಗಾಲ ಮ್ಯಾಲ ನಿಂತಾಕಿ ಸಿಗ್ನಲ್ಲಿನ್ಯಾಗ ಒಂದಿನ ಬೀಳ್ತಾಳ" ಎನ್ನುವುದು. ಗಾಡಿಯನ್ನು ಹಿಂದಕ್ಕೆ ಎಳೆಸುವುದು, ಮೇನ್ ಸ್ಟ್ಯಾಂಡ್ ಹಾಕಿಸುವುದು, ತೆಗೆಸುವುದು, ಮತ್ತೆ ಹಾಕಿಸುವುದು. ಅಲ್ಲಿದ್ದ ಗಿರಾಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು. ಒಂದು ಶೋರೂಮಿನ ಸೇಲ್ಸ್‌ಮನ್ ತಾಳ್ಮೆಗೆಟ್ಟು ಕೇಳಿಯೇಬಿಟ್ಟ: "ಚಾಚಾ, ಗಾಡಿ ಲೇರೈಂ ಕಿ ರಿಶ್ತಾ ದೇಖ್‌ರೈಂ?" ಗಾಡಿ ಕೊಳ್ಳುತ್ತೀರೋ, ಹೆಣ್ಣಿಗೆ ಸಂಬಂಧ ನೋಡುತ್ತೀರೋ ಎಂದು.

ಕಾಕಾ ತಲೆ ಎತ್ತದೇ ಟೇಪು ಸುತ್ತುತ್ತ, "ರಿಶ್ತಾ ಖರಾಬ್ ನಿಕ್ಲಾ ತೋ ಲಡ್ಕೀ ಘರ್ ಕು ಆತೀ. ಬ್ರೇಕ್ ಖರಾಬ್ ನಿಕ್ಲಾ ತೋ?" ಎಂದರು.

ಸಂಬಂಧ ಕೆಟ್ಟರೆ ಹುಡುಗಿ ಮನೆಗೆ ಬರುತ್ತಾಳೆ, ಬ್ರೇಕು ಕೆಟ್ಟರೆ... ಸೇಲ್ಸ್‌ಮನ್ ನಕ್ಕ. ಹಾಗೆ ಮನೆಗೆ ಬಂದವಳು ಪಕ್ಕದಲ್ಲೇ ನಿಂತಿದ್ದೇನೆ ಎಂಬುದು ಕಾಕಾನಿಗೆ ಆಮೇಲೆ ಹೊಳೆಯಿತು. ಸುಮ್ಮನೆ ಕೆಮ್ಮಿದರು. ಹೊರಗೆ ಬಂದ ಮೇಲೆ ನನಗೆ ಒಂದು ಲೋಟ ಕಬ್ಬಿನ ಹಾಲು ಕೊಡಿಸಿದರು. ಅದೇ ಅವರ ಕ್ಷಮಾಪಣೆ.

ನನಗೆ ಕಡುಗೆಂಪು ಬಣ್ಣದ್ದು ಬೇಕಿತ್ತು. ಕೊನೆಗೆ ಬುಕ್ ಮಾಡಿದ್ದು ಹಳದಿ, ಶಾಲೆಯ ಬಸ್ಸಿನ ಹಳದಿ. "ಛಂದ ಕಾಣಾಕ ಅಲ್ಲವಾ, ಲಾರಿಯಾವಗ ಕಾಣಾಕ ಬಣ್ಣ ಆರಸಬೇಕು" ಎಂಬುದು ಅವರ ವಾದ. ಹೆಲ್ಮೆಟ್ಟಿಗೆ ಇನ್ನೊಂದು ದಿನ. ಪಟ್ಟಿ ಬಿಗಿದು, ನನ್ನ ತಲೆಯನ್ನು ತೆಂಗಿನಕಾಯಿ ಅಲ್ಲಾಡಿಸಿದಂತೆ ಎರಡೂ ಕೈಯಿಂದ ಅಲ್ಲಾಡಿಸಿ ನೋಡಿದರು. ಕಲಿಕೆಯ ಲೈಸೆನ್ಸ್ ಬಂದ ಮೇಲೆ ರಜಾದಿನ ಖಾಲಿ ರಸ್ತೆಗಳಲ್ಲಿ ಪಾಠ. ಅದಕ್ಕಾಗಿ ತಮ್ಮ ಅಳಿಯನ ಗೇರಿಲ್ಲದ ಸ್ಕೂಟರನ್ನು ಕಲಬುರಗಿಯಿಂದ ತರಿಸಿದ್ದರು. ದುಪಟ್ಟಾ ಎದೆಗೆ ಕಟ್ಟಿ ಪಿನ್ನು ಹಾಕು. ಕನ್ನಡಿ ನೋಡು, ಆಮೇಲೆ ಕತ್ತನ್ನೂ ತಿರುಗಿಸಿ ನೋಡು. ಎರಡೂ ಬ್ರೇಕು ಒಟ್ಟಿಗೆ ಹಿಡಿ. ನಿಂತ ಬಸ್ಸಿನ ಮಗ್ಗುಲಲ್ಲಿ ಹಾಯಬೇಡ, ಮುಂದಿನಿಂದ ಜನ ಇಳಿದು ಬರುತ್ತಾರೆ. ಹಿಂದೆ ಕೂತು ಒಂದೇ ಸಮ ಹೇಳುತ್ತಿದ್ದರು. ಒಂದು ದಿನ ಗಾಡಿ ನಿಲ್ಲಿಸಿ ಇಳಿದು ನಡೆದೇ ಮನೆಗೆ ಬಂದಿದ್ದೆ. ಅವರು ಗಾಡಿಯಲ್ಲಿ ನನ್ನ ಪಕ್ಕಪಕ್ಕವೇ ಮೆಲ್ಲಗೆ ಬರುತ್ತ, "ಫುಟ್‌ಪಾತ್ ಮ್ಯಾಲ ನಡೀ" ಎಂದಿದ್ದರು.

ನಮ್ಮ ಗಾಡಿ ಮನೆಗೆ ಬಂದದ್ದು ಒಂದು ಭಾನುವಾರ. ಮರುದಿನದಿಂದ ಅದರ ಮೇಲೇ ಕೆಲಸಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಅವ್ವನಿಗೆ ಮೊಣಕಾಲು ನೋವು, ಕೆಳಗಿಳಿಯಲು ಆಗದು. ಹಾಗಾಗಿ ಪೂಜೆಯನ್ನು ಕಾಕಾನೇ ಮಾಡಿದರು. ಬರೀ ಕುಂಕುಮ ಉದುರಿಹೋಗುತ್ತದೆ, ನೀರಲ್ಲಿ ಕಲಸಿದರೆ ಒಣಗಿ ಉದುರುತ್ತದೆ ಎಂದು ಕೊಬ್ಬರಿ ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿದರು. ಅವರ ಹಳೆಯ ಸ್ಕೂಟರಿನ ಬ್ರೇಕು ಚಕ್ರದ ನಡುವೆ ಡಬ್ಬಿಯೊಳಗೆ ಮುಚ್ಚಿರುತ್ತಿತ್ತು. ಪ್ರತಿ ವರ್ಷ ಆ ಡಬ್ಬಿಯ ಮೇಲೆ ಸ್ವಸ್ತಿಕ ಬರೆಯುತ್ತಿದ್ದರಂತೆ. ಇದರಲ್ಲಿ ಡಬ್ಬಿ ಇರಲಿಲ್ಲ. ಅದರ ಜಾಗದಲ್ಲಿ ತೂತು ತೂತಿನ, ಬೆಳ್ಳಿಯಂತೆ ಹೊಳೆಯುವ ತಟ್ಟೆ ಇತ್ತು. ಅದರ ಸುತ್ತಲೂ ಬೆರಳಾಡಿಸಿ ಎಣ್ಣೆ ಕುಂಕುಮ ತೀಡಿದರು. ನಿಂಬೆಹಣ್ಣು ಚಕ್ರದಡಿ ಇಟ್ಟರು, ನಾನು ಅದರ ಮೇಲೆ ಗಾಡಿ ಹತ್ತಿಸಿದೆ. ಇಬ್ಬರೂ ಹೆಲ್ಮೆಟ್ ಹಾಕಿಕೊಂಡೆವು. "ನಡೀ, ಒಂದು ಸುತ್ತ ಹೊಡಿ" ಎಂದು ಹಿಂದೆ ಕೂತರು.

ನಮ್ಮ ಗಲ್ಲಿ ಮುಖ್ಯ ರಸ್ತೆಯ ಕಡೆಗೆ ಇಳಿಜಾರು. ಕೊನೆಯಲ್ಲಿ ಒಂದು ಆಟೋ ನಿಂತಿತ್ತು. ಎರಡೂ ಬ್ರೇಕು ಹಿಡಿದೆ. ಮುಂದಿನದು ಕೈಗೆ ಸಿಕ್ಕಿತು, ಚಕ್ರಕ್ಕೆ ಸಿಗಲಿಲ್ಲ. ಹಿಂದಿನ ಬ್ರೇಕಿನಿಂದ ಗಾಡಿ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಆಟೋದ ಹಿಂಬದಿಗೆ ಗುದ್ದಿ ಬಿದ್ದೆವು. ನನ್ನ ಮಂಡಿ ತರಚಿತು, ಕಾಕಾನ ಮಣಿಕಟ್ಟು ಉಳುಕಿತು, ಹೊಸ ಗಾಡಿಯ ಹೆಡ್‌ಲೈಟು ಒಡೆಯಿತು.

ಮೂಲೆಯ ಮೆಕ್ಯಾನಿಕ್ ಗಾಡಿ ಎತ್ತಿ ನಿಲ್ಲಿಸಿ ಚಕ್ರ ನೋಡಿದ. ಬೆರಳು ಒರೆಸಿ ಮೂಸಿದ. "ಡಿಸ್ಕ್ ಕು ತೇಲ್ ಕೌನ್ ಲಗಾಯಾ?" ಡಿಸ್ಕಿಗೆ ಎಣ್ಣೆ ಹಚ್ಚಿದವರು ಯಾರು ಎಂದು ಕೇಳಿದ. ಸುತ್ತ ನಿಂತವರೆಲ್ಲ ನಕ್ಕರು. ಬ್ರೇಕಿನ ಪ್ಯಾಡು ಎಣ್ಣೆ ಕುಡಿದಿದೆ, ಬದಲಿಸಬೇಕು, ಹೆಡ್‌ಲೈಟು ತರಿಸಬೇಕು, ನಾಲ್ಕು ದಿನ ಹಿಡಿಯುತ್ತದೆ ಎಂದ. ನಾಲ್ಕು ದಿನ! ನನಗೆ ಮುಚ್ಚಿದ ಗೇಟೊಂದೇ ಕಣ್ಣ ಮುಂದೆ ಬಂತು.

"ನನ್ನ ನೌಕರಿ ಹೋದ್ರ ನೀವ್ ಕೊಡಸ್ತೀರೇನ್ರಿ?" ಅಷ್ಟು ಜನರ ಮುಂದೆ ಚೀರಿದೆ. "ಎರಡ ತಿಂಗಳಿಂದ ಬ್ರೇಕು, ಬ್ರೇಕು ಅಂತ ನನ್ನ ತಲಿ ತಿಂದ್ರಿ. ಬ್ರೇಕು ಯಾವುದು ಅಂತ ನಿಮಗ ಗೊತ್ತಿಲ್ಲ! ಇನ್ನ ನನ್ನ ಗಾಡಿ ಮುಟ್ಟಬ್ಯಾಡ್ರಿ. ಹಿಂದ ಕೂಡೂದಂತೂ ಬ್ಯಾಡೇ ಬ್ಯಾಡ."

ಕಾಕಾ ಉಳುಕಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಗಲ್ಲಿ ಹತ್ತಿ ಹೋದರು.

ಆ ನಾಲ್ಕು ದಿನ ನಸುಕಿನಲ್ಲೇ ಎದ್ದು ಮೊದಲ ಬಸ್ಸು ಹಿಡಿದು, ಕಾರ್ಖಾನೆಯ ಗೇಟು ತೆರೆಯುವ ಮೊದಲೇ ಹೋಗಿ ಹೊರಗೆ ಕಲ್ಲಿನ ಮೇಲೆ ಕೂತಿರುತ್ತಿದ್ದೆ. ಗಾಡಿ ಬಂದ ಮೇಲೆ ಒಂದು ದಿನವೂ ತಡವಾಗಲಿಲ್ಲ. ಆರು ತಿಂಗಳು ತುಂಬಿದಾಗ ಕಾಯಂ ಆಯಿತು. ಅವ್ವ ಪೇಢೆ ಕೊಟ್ಟು ಬರಲು ಕೆಳಗೆ ಕಳಿಸಿದಳು. ಪೊಟ್ಟಣ ಬಾಗಿಲಲ್ಲೇ ಕೊಟ್ಟು ಬಂದೆ.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಕಾಕಾ ಮುಗಿಸುವ ಜಾತಿಯವರಲ್ಲ. ಎಪ್ಪತ್ತು ದಾಟಿದ ಮನುಷ್ಯ ಅದೇ ಮೆಕ್ಯಾನಿಕ್ಕಿನ ಅಂಗಡಿಯಲ್ಲಿ ಸ್ಟೂಲು ಹಾಕಿಕೊಂಡು ದಿನಾ ಕೂರತೊಡಗಿದರು. ಡಿಸ್ಕ್ ಬ್ರೇಕು ಹೇಗೆ ಹಿಡಿಯುತ್ತದೆ ಎಂದು ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಚಿತ್ರ ಬರೆದುಕೊಂಡರು. ದಸರೆ ಬಂತು. ಆ ಹಾಳೆ ಹಿಡಿದು ಗಲ್ಲಿಯ ಮನೆಮನೆಗೆ ಹೋದರು. ತೆಲುಗಿನವರಿಗೆ ತೆಲುಗಿನಲ್ಲಿ, ಮಿಕ್ಕವರಿಗೆ ಹಿಂದಿಯಲ್ಲಿ, ನಮ್ಮ ಕಡೆಯವರಿಗೆ ನಮ್ಮ ಮಾತಿನಲ್ಲಿ ಅದನ್ನೇ ಹೇಳಿದರು: "ಪೂಜಿ ಮಾಡ್ರಿ, ಆದ್ರ ಈ ತಾಟಿಗಿ ಎಣ್ಣಿ ಹಚ್ಚಬ್ಯಾಡ್ರಿ. ನಾ ಭಾಳ ಶಾಣ್ಯಾ ಅಂತ ತಿಳಕೊಂಡು ಹಚ್ಚಿದ್ದೆ. ಮ್ಯಾಲಿನ ಮನಿ ಹುಡುಗಿನ್ನ ಕೊಂದಬಿಡ್ತಿದ್ದೆ."

ಮೇಲಿನ ಮನೆಯ ಹುಡುಗಿ ನಾನು. ಬೀದಿಗಿಳಿದರೆ, "ಅಚ್ಛಾ, ಬಿದ್ದವರು ನೀವೇನಾ?" ಎಂದು ಅಪರಿಚಿತರೂ ಕೇಳುತ್ತಿದ್ದರು. ನಾಚಿಕೆಯಿಂದ ನೆಲಕ್ಕಿಳಿದು ಹೋಗುವಂತಾಗುತ್ತಿತ್ತು. ತನ್ನ ತಪ್ಪನ್ನು ಇಷ್ಟು ಶ್ರದ್ಧೆಯಿಂದ ಹಂಚುತ್ತ ತಿರುಗಿದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಅವರು ಎಷ್ಟು ನೊಂದಿದ್ದರು ಎಂಬುದು ಆಗ ತಿಳಿಯಲಿಲ್ಲ. ತಿಳಿದುಕೊಳ್ಳುವ ಮನಸ್ಸೂ ಇರಲಿಲ್ಲವೇನೋ...

ಚಳಿಗಾಲದ ಒಂದು ಶನಿವಾರ ನಾನು ಮಧ್ಯಾಹ್ನ ಮನೆಯಲ್ಲಿದ್ದೆ. ಕಾಕಾ ಕೈಚೀಲ ಹೆಗಲಿಗೆ ಹಾಕಿಕೊಂಡು, ಹೆಲ್ಮೆಟ್ ಹಿಡಿದು ಗೇಟಿನ ಬಳಿ ನಿಂತಿದ್ದರು. ಮಗಳ ಊರಿಗೆ ಹೊರಟಿದ್ದರು.

"ನಾಂಪಲ್ಲಿ ಸ್ಟೇಷನ್ ತನಕ ಬಿಡತೀಯೇನವಾ? ಹಿಂದ ಸುಮ್ಮ ಕೂತಿರ್ತೀನಿ. ಬಾಯಿ ಬಿಚ್ಚಂಗಿಲ್ಲ."

ಬೇಡ ಅನ್ನಲಾಗಲಿಲ್ಲ. ಕೂರಿಸಿಕೊಂಡೆ. ಅವರು ನಿಜಕ್ಕೂ ಬಾಯಿ ಬಿಡಲಿಲ್ಲ. ನಿಂತ ಬಸ್ಸಿನ ಮಗ್ಗುಲಲ್ಲೇ ಹಾಯ್ದೆ, ಮಾತಿಲ್ಲ. ಬಶೀರ್‌ಬಾಗ್ ದಾಟುವಾಗ ಕನ್ನಡಿ ನೋಡದೇ ತಿರುಗಿದೆ, ಮಾತಿಲ್ಲ. ಆ ಮೌನ ನನ್ನ ಬೆನ್ನಿಗೆ ಒತ್ತಿದಂತಾಗುತ್ತಿತ್ತು. ಅದಕ್ಕೇ ಇರಬೇಕು, ಮುಂದಿನ ಸಿಗ್ನಲ್ಲಿನಲ್ಲಿ ಹಳದಿ ದೀಪ ಬಿದ್ದರೂ ವೇಗ ಹೆಚ್ಚಿಸಿದೆ. ಎಡಗಡೆಯಿಂದ ಒಂದು ಬಸ್ಸು ನುಗ್ಗಿತು. ಎರಡೂ ಬ್ರೇಕು ಹಿಡಿದೆ, ಹಿಡಿದವು. ಬಸ್ಸು ಮೊಳದಂತರದಲ್ಲಿ ಹಾರ್ನು ಹೊಡೆಯುತ್ತ ಹೋಯಿತು. ಹಿಂದೆ ಅವರ ಮೊಣಕಾಲುಗಳು ನನ್ನನ್ನು ಬಿಗಿಯಾಗಿ ಒತ್ತಿದ್ದು ಗೊತ್ತಾಯಿತು. ಅಷ್ಟೇ.

ಸ್ಟೇಷನ್ನಿನ ಮುಂದೆ ಇಳಿದು ಹೆಲ್ಮೆಟ್ ತೆಗೆದರು. ಮುಖ ಬಿಳಿಚಿತ್ತು. ಈಗ ಶುರುವಾಗುತ್ತದೆ ಎಂದು ತಲೆ ತಗ್ಗಿಸಿ ನಿಂತೆ. ನಿಜ ಹೇಳಬೇಕೆಂದರೆ, ಶುರುವಾಗಲಿ ಎಂದೇ ಕಾದೆ. ಅವರು ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಅನ್ನಬಹುದಿತ್ತು, ಆಮೇಲೆ ಇಬ್ಬರೂ ನಗಬಹುದಿತ್ತು.

"ಛಲೋ ಹೊಡದಿ" ಎಂದರು. "ಬರ್ತೀನಿ" ಎಂದು ಒಳಗೆ ಹೋದರು.

ಮೂರು ವಾರಕ್ಕೆ ಅವರ ಮಗಳ ಫೋನು ಬಂತು. ಮೊದಲು ಜ್ವರ ಬಂದಿತ್ತಂತೆ, ಆಮೇಲೆ ಉಸಿರಿನ ತೊಂದರೆ... ಆಸ್ಪತ್ರೆಯಲ್ಲಿ ಎರಡೇ ದಿನ. ಫೋನು ಇಟ್ಟ ಮೇಲೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಇಡೀ ಹಿಮಾಯತ್‌ನಗರಕ್ಕೆ ಬುದ್ಧಿ ಹೇಳಿದ ಮನುಷ್ಯ, ನನಗೆ ಹೇಳಲೇಬೇಕಾಗಿದ್ದ ದಿನ ಮಾತು ಉಳಿಸಿಕೊಂಡು ಕೂತರು. ಬಾಯಿ ಬಿಚ್ಚಂಗಿಲ್ಲ ಎಂದು ಕೊಟ್ಟ ಮಾತನ್ನು ಅಷ್ಟು ಅಕ್ಷರಶಃ ನಡೆಸಿಕೊಡಬೇಕಿತ್ತೇ?

ಆ ಹಳೆಯ ಮನೆ ಈಗಿಲ್ಲ. ಅವ್ವನೂ ನಾನೂ ಈ ಅಪಾರ್ಟ್‌ಮೆಂಟಿಗೆ ಬಂದು ವರ್ಷಗಳಾದವು. ಬಶೀರ್‌ಬಾಗಿನ ಕಡೆ ಹೋಗುವ ಕೆಲಸ ಈಗಲೂ ಬೀಳುತ್ತದೆ. ಆ ಸಿಗ್ನಲ್ಲಿನಲ್ಲಿ ಹಳದಿ ಬಿದ್ದರೆ ನಿಲ್ಲುತ್ತೇನೆ. ಹಿಂದಿದ್ದವರು ಹಾರ್ನು ಒತ್ತುತ್ತಾರೆ, ಮಗ್ಗುಲಲ್ಲಿ ಹಾಯುವಾಗ ತಿರುಗಿ ನೋಡಿ ಏನೋ ಅನ್ನುತ್ತಾರೆ. ನಿಂತದ್ದಕ್ಕೆ ಬೈಯುವವರು ಇಷ್ಟು ಜನ. ಅವತ್ತು ನಿಲ್ಲದ್ದಕ್ಕೆ ಬೈಯಬೇಕಾಗಿದ್ದವರು ಒಬ್ಬರೇ. ಅವರು ಬೈಯದೇ ಹೋದರು.