ಅರ್ಧ ಟ್ಯೂಬಿನ ಔಷಧ

ಬೆಳಿಗ್ಗೆ ಹಾಲು ಕರೆಯುವ ಮೊದಲು ಚಕ್ರದಕ್ಕ ಒಂದು ಕೆಲಸವನ್ನು ಎಂದೂ ತಪ್ಪಿಸುತ್ತಿರಲಿಲ್ಲ. ಪ್ರತಿ ಮೇಕೆಯ ಎರಡೂ ಮೊಲೆಗಳ ಮೊದಲ ಧಾರೆಯನ್ನು ಪಾತ್ರೆಗೆ ಬಿಡದೆ ಒಂದು ಕಪ್ಪು ತಟ್ಟೆಗೆ ಹಿಂಡಿ, ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು ನೋಡುವಳು. ಹಾಲು ನುಣ್ಣಗೆ ಜಾರಿದರೆ ಸರಿ. ನುಚ್ಚಿನಂಥ ಕಣ ಕಂಡಿತೋ, ಆ ಮೇಕೆಯ ಹಾಲು ಅಂದು ಯಾರ ಮನೆಗೂ ಹೋಗುವಂತಿಲ್ಲ. ಜ್ವರದಲ್ಲಿ ಮೈ ಸುಡುತ್ತಿದ್ದ ದಿನವೂ ಗೋಡೆ ಹಿಡಿದುಕೊಂಡು ಹೋಗಿ ತಟ್ಟೆ ನೋಡಿದವಳು ಅವಳು.

ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಬೀದಿಯವರು ಇಟ್ಟ ಹೆಸರು ಅದು. ಕೊಟ್ಟಿಗೆ, ಅಡುಗೆಮನೆ, ಹಾಲು ಹಾಕುವ ಮನೆಗಳು, ಮತ್ತೆ ಕೊಟ್ಟಿಗೆ. ಊಟವನ್ನೂ ನಿಂತೇ ಮುಗಿಸುವಳು. ಗಂಡ ದರ್ಜಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತನೆಂದರೆ ಹೊಟ್ಟೆ ಹಸಿದಾಗಲೇ ಏಳುವುದು. "ದೇವರು ನಮ್ಮಿಬ್ಬರಿಗೂ ಅಂತ ಓಡಾಡೋ ಶಕ್ತಿ ಕೊಟ್ಟ, ಪೂರ್ತಿ ಇವಳೇ ಎತ್ಕೊಂಡ್ಳು" ಎಂದು ಗಿರಾಕಿಗಳಿಗೆ ಹೇಳುವನು. "ಕೂರೋದನ್ನೆಲ್ಲ ನೀವೇ ಇಟ್ಕೊಂಡಿದ್ದೀರಲ್ಲ, ಇನ್ನೇನು ಮಾಡ್ಲಿ" ಎಂದು ಒಳಗಿನಿಂದ ಉತ್ತರ ಬರುವುದು.

ಅವಳ ಹಿಂಡು ದೊಡ್ಡದಲ್ಲ. ಎಲ್ಲವೂ ತಾಯಿ ಕೊಟ್ಟು ಕಳಿಸಿದ ಒಂದೇ ಮೇಕೆಯ ಸಂತಾನ. ಅವಳ ತಮ್ಮ ಹುಟ್ಟಿದಾಗ ತಾಯಿಗೆ ಎದೆಹಾಲು ಇಳಿದಿರಲಿಲ್ಲ. ಆ ಮೇಕೆಯ ತಾಯಿಯ ಹಾಲನ್ನು ಕಾಯಿಸಿ, ತೆಳ್ಳಗೆ ಮಾಡಿ, ಹತ್ತಿಯಲ್ಲಿ ಅದ್ದಿ ಅವನ ಬಾಯಿಗೆ ಹಿಂಡಿದವಳು ಚಕ್ರದಕ್ಕನೇ. ಆಗ ಅವಳಿನ್ನೂ ಲಂಗ ತೊಡುವ ಹುಡುಗಿ. ಆ ತಮ್ಮ ಈಗ ಪೇಟೆಯಲ್ಲಿ ಔಷಧದ ಅಂಗಡಿ ಇಟ್ಟಿದ್ದಾನೆ. ತಾಯಿ ಕೊಟ್ಟು ಕಳಿಸಿದ ಮೇಕೆಯ ಮೊಮ್ಮಗಳೇ ರೇಷ್ಮೆ. ಬೂದುಬಣ್ಣ, ಕೈಗೆ ಜಾರುವಂಥ ಮೈ. ಹಿಂಡಿನಲ್ಲೆಲ್ಲ ಹೆಚ್ಚು ಹಾಲು ಕೊಡುವವಳೂ ಅವಳೇ, ಕರೆಯುವಾಗ ಚಕ್ರದಕ್ಕನ ಸೆರಗು ಜಗಿಯುವವಳೂ ಅವಳೇ.

ಒಂದು ಬೆಳಿಗ್ಗೆ ಕಪ್ಪು ತಟ್ಟೆಯಲ್ಲಿ ರೇಷ್ಮೆಯ ಹಾಲು ನುಚ್ಚು ನುಚ್ಚಾಗಿ ಬಿತ್ತು.

ಚಕ್ರದಕ್ಕ ಗಾಬರಿಯಾಗಲಿಲ್ಲ. ಕೆಚ್ಚಲು ಬಾವು ಕಂಡವಳೇ ಅವಳು. ಅದಕ್ಕೊಂದು ಟ್ಯೂಬು ಬರುತ್ತದೆ. ಸಣ್ಣ ಮೂತಿಯನ್ನು ಮೊಲೆತೊಟ್ಟಿನ ತೂತಿಗಿಟ್ಟು ಔಷಧವನ್ನು ಒಳಗೆ ಒತ್ತಬೇಕು. ಟ್ಯೂಬು ಮಾಡಿರುವುದು ಹಸುವಿಗೆ. ಹಸುವೆಲ್ಲಿ, ಮೇಕೆಯೆಲ್ಲಿ? ಹಾಗಾಗಿ ಅರ್ಧ ಒತ್ತಿ, ಮುಚ್ಚಳ ಹಾಕಿ, ಉಳಿದರ್ಧವನ್ನು ಮುಂದಿನ ಮೇಕೆಗೆ ಎಂದು ಮಾಡಿನ ಸಂದಿಯಲ್ಲಿ ಸಿಕ್ಕಿಸಿಡುವುದು. ಹಾಲು ತಿಳಿಯಾದ ದಿನ ಔಷಧ ನಿಲ್ಲಿಸುವುದು. ಅವಳ ತಾಯಿ ಹಾಗೆ ಮಾಡುತ್ತಿದ್ದಳು, ಮೇಕೆ ಸಾಕುವ ನೆರೆಹೊರೆಯವರೂ ಹಾಗೆಯೇ. ತಮ್ಮನೂ ಏನೂ ಕೇಳದೆ ಟ್ಯೂಬು ಕೊಟ್ಟುಬಿಡುತ್ತಿದ್ದ.

ಈ ಸಲವೂ ಹಾಲು ತಿಳಿಯಾಯಿತು. ಆಮೇಲೆ ಮತ್ತೆ ಕೆಟ್ಟಿತು. ಬೇರೆ ಟ್ಯೂಬು ತಂದಳು. ಅದೂ ಹಾಗೆಯೇ, ನಾಲ್ಕು ದಿನ ಆಸೆ ತೋರಿಸಿ ಕೈಕೊಟ್ಟಿತು. ಕೆಚ್ಚಲಿನ ಒಂದು ಬದಿ ಕಲ್ಲಿನ ಹಾಗೆ ಗಟ್ಟಿಯಾಯಿತು. ಅದೇ ಹೊತ್ತಿಗೆ ಅತ್ತೆಯ ಮೊಣಕೈ ಬಳಿ ಒಂದು ಕುರು ಎದ್ದಿತು. ಆಸ್ಪತ್ರೆಯ ಮಾತ್ರೆ ನುಂಗಿದರೂ ಅದು ಕೆಂಪಗೆ ಹರಡುತ್ತಲೇ ಹೋಯಿತು. ಅತ್ತೆಗೆ ಮೇಕೆಗಳೆಂದರೆ ಪ್ರಾಣ. ಸಂಜೆ ಕೆಚ್ಚಲು ಒರೆಸಿಕೊಡುವುದು ಅವರ ಪಾಲಿನ ಕೆಲಸ. ಬಿಸಿನೀರಲ್ಲಿ ಅದ್ದಿದ ಒಂದೇ ಬಟ್ಟೆಯಲ್ಲಿ ಮೊದಲಿನಿಂದ ಕೊನೆಯ ಮೇಕೆಯವರೆಗೆ.

ಆಗ ಪಶುವೈದ್ಯೆಯನ್ನು ಕರೆಸಿದರು. ಆಕೆ ಎಲ್ಲ ಮೇಕೆಗಳ ಹಾಲನ್ನೂ ಬೇರೆ ಬೇರೆ ಶೀಶೆಗಳಲ್ಲಿ ತೆಗೆದುಕೊಂಡು ಹೋದಳು. ಪರೀಕ್ಷೆಯಾಗಿ ಮರಳಿ ಬಂದವಳು ಕೊಟ್ಟಿಗೆಯಲ್ಲಿ ಬಕೆಟ್ಟು ಬೋರಲು ಹಾಕಿ ಕೂತಳು. ಚಕ್ರದಕ್ಕ ನಿಂತೇ ಇದ್ದಳು.

"ಬೇರೆಯವೆಲ್ಲ ಸದ್ಯಕ್ಕೆ ಚೆನ್ನಾಗಿವೆ. ರೇಷ್ಮೆದು ಮಾತ್ರ ಕಷ್ಟ. ಸ್ಟ್ಯಾಫಿಲೊಕಾಕಸ್ ಅನ್ನೋ ಸೂಕ್ಷ್ಮಾಣು. ನಮ್ಮ ಚರ್ಮದ ಮೇಲೆ, ಮೂಗಿನ ಒಳಗೆ ಇರುವಂಥದ್ದೇ. ಆದ್ರೆ ಇದು ಪಳಗಿದ ಕಳ್ಳ. ನಾವು ಕೊಡೋ ಔಷಧ ಯಾವುದಕ್ಕೂ ಜಗ್ಗಲ್ಲ."

"ಪಳಗಿಸಿದೋರು ಯಾರು, ಡಾಕ್ಟರಮ್ಮ?"

ವೈದ್ಯೆ, "ಟ್ಯೂಬು ಹೇಗೆ ಹಾಕ್ತಿದ್ರಿ, ಹೇಳಿ" ಎಂದಳು.

ಚಕ್ರದಕ್ಕ ಹೇಳಿದಳು. ಅರ್ಧದ ಮಾತು, ಮಾಡಿನ ಸಂದಿಯ ಮಾತು, ಒಂದೇ ಮೂತಿ ಎರಡು ಮೇಕೆಗೆ ಹೋಗುತ್ತಿದ್ದುದು, ಒಂದೇ ಬಟ್ಟೆ. ಹೇಳುತ್ತ ಹೇಳುತ್ತ ಅವಳ ದನಿ ತಾನಾಗಿಯೇ ಕುಗ್ಗಿತು.

"ನಿಮ್ಮೊಬ್ಬರದೇ ಅಲ್ಲಮ್ಮ, ಎಲ್ಲ ಕಡೆ ಹೀಗೇ" ಎಂದಳು ವೈದ್ಯೆ. "ಅರ್ಧ ಔಷಧಕ್ಕೆ ಸಾಯೋದು ಬಡಕಲು ಹುಳ. ಗಟ್ಟಿ ಇದ್ದದ್ದು ಉಳ್ಕೊಂಡು ಸಂಸಾರ ಬೆಳೆಸುತ್ತೆ. ಮೇಕೆಗೆ ಟ್ಯೂಬು ಹಾಕಿದ್ರೆ ಪೂರ್ತಿ ಹಾಕ್ಬೇಕು, ಹೇಳಿದಷ್ಟು ದಿನ ಹಾಕ್ಬೇಕು. ಅತ್ತೆಯವರ ಕುರು ಆಸ್ಪತ್ರೇಲಿ ಪರೀಕ್ಷೆ ಮಾಡಿಸಿ. ಅದೂ ಇದೇ ಇರಬಹುದು. ಮೇಕೆಯಿಂದ ಕೈಗೆ ಬಂತೋ, ಕೈಯಿಂದ ಮೇಕೆಗೆ ಹೋಯ್ತೋ, ನನ್ನಿಂದ ಹೇಳೋಕಾಗಲ್ಲ."

"ರೇಷ್ಮೆಗೆ ಬೇರೆ ಔಷಧವೇ ಇಲ್ವಾ?"

"ಒಂದೆರಡು ಇವೆ. ಅವು ಮನುಷ್ಯರಿಗೆ ಕೊನೇ ಆಸರೆ ಅಂತ ಎತ್ತಿಟ್ಟಿರೋದು. ಪ್ರಾಣಿಗೆ ಕೊಡೋ ಹಾಗಿಲ್ಲ. ಕೊಟ್ರೂ ಕೆಚ್ಚಲೊಳಗೆ ಗಂಟು ಕಟ್ಟಿ ಕೂತಿರೋದು ಪೂರ್ತಿ ಹೋಗುತ್ತೆ ಅನ್ನೋ ಭರವಸೆ ಇಲ್ಲ."

"ಹಾಲು ಬತ್ತಿಸಿ ಬೇರೆ ಕಡೆ ಕಟ್ಟಿ ಸಾಕ್ತೀನಿ."

"ಅಲ್ಲಿಗೆ ಮೇವು ಹಾಕೋಕೆ ಹೋಗೋದು ನೀವೇ. ಇಲ್ಲಿಗೆ ಬರೋದೂ ನೀವೇ. ಅದು ನಿಮ್ಮ ಕೈಮೇಲೆ, ಬಟ್ಟೆಮೇಲೆ ಕೂತು ನಿಮ್ಮ ಜೊತೇಲೇ ಓಡಾಡುತ್ತೆ." ವೈದ್ಯೆ ಎದ್ದು ರೇಷ್ಮೆಯ ಕಿವಿ ಸವರಿದಳು. "ಶುಕ್ರವಾರ ನಾನೇ ಬರ್ತೀನಿ. ನೋವಿಲ್ಲದ ಹಾಗೆ ಕಳಿಸ್ತೀನಿ. ಅದಕ್ಕಿಂತ ತಡ ಮಾಡಿದ್ರೆ ಮಿಕ್ಕ ಮೇಕೆಗಳನ್ನೂ ಕಳ್ಕೋತೀರಿ."

ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದರು. ಕುರುವಿನಲ್ಲಿದ್ದದ್ದೂ ಅದೇ ಜಾತಿಯ ಸೂಕ್ಷ್ಮಾಣು ಎಂದು ತಿಳಿಯಿತು. "ಮೇಕೆಗೂ ನನಗೂ ಒಂದೇ ಕಾಯಿಲೆ. ಈ ಮನೇಲಿ ನನ್ನ ಸ್ಥಾನ ಯಾವುದು ಅಂತ ಈಗ ಗೊತ್ತಾಯ್ತು" ಎಂದು ಅತ್ತೆ ಮಲಗಿದಲ್ಲಿಂದಲೇ ನಕ್ಕರು. ಆದರೆ ರಾತ್ರಿ ಜ್ವರ ಏರಿದಾಗ ಆ ನಗು ಉಳಿಯಲಿಲ್ಲ. ಸೊಸೆಯ ಕೈ ಹಿಡಿದು, "ಹೋಗ್ಬಿಡ್ತೀನೇನೇ?" ಎಂದು ಕೇಳಿದರು. ಆಸ್ಪತ್ರೆಯ ವೈದ್ಯರು ಇಂಜೆಕ್ಷನ್ ಬದಲಾಯಿಸಿ, ಕೊನೆಯ ಆಸರೆ ಎಂದು ಎತ್ತಿಟ್ಟಿದ್ದನ್ನೇ ಕೊಟ್ಟರು. ಎರಡು ದಿನಕ್ಕೆ ಕೆಂಪು ಇಳಿಯಿತು. ಅತ್ತೆ ಎದ್ದು ಕೂತು, ಆಸ್ಪತ್ರೆಯ ಸಾರಿಗೆ ಉಪ್ಪಿಲ್ಲ ಎಂದು ಬೈಯತೊಡಗಿದಾಗ ಚಕ್ರದಕ್ಕ ಹೊರಗಿನ ಮೆಟ್ಟಿಲ ಮೇಲೆ ಕೂತು ದೇವರಿಗೆ ಕೈಮುಗಿದಳು. ಅವಳು ಕೂತದ್ದನ್ನು ನೋಡಿ ಗಂಡನಿಗೆ ಭಯವಾಯಿತು.

ಮನೆಗೆ ಬಂದ ಮೇಲೆ ಅವಳು ಹಾಲು ಹಾಕುತ್ತಿದ್ದ ಒಂದೊಂದು ಮನೆಯ ಬಾಗಿಲಿಗೂ ಹೋಗಿ ನಿಂತಳು. ಕೆಲವು ದಿನ ಹಾಲಿಲ್ಲ, ಕೊಟ್ಟಿಗೆಯಲ್ಲಿ ಕಾಯಿಲೆ ಇದೆ, ಮುಂದೆ ಕೊಟ್ಟಾಗಲೂ ಕುದಿಸದೆ ಕುಡಿಯಬೇಡಿ ಎಂದಳು. "ನೀನಾಗೇ ಬಂದು ಹೇಳಿದ್ಯಲ್ಲ, ದೊಡ್ಡದು" ಎಂದವರಿದ್ದರು. "ಇಷ್ಟು ದಿನ ಏನು ಕುಡಿಸಿದ್ಯೋ ತಾಯಿ!" ಎಂದು ಬಾಗಿಲು ಹಾಕಿಕೊಂಡವರೂ ಇದ್ದರು. ಅವಳು ಎದುರಾಡಲಿಲ್ಲ. ಮುಂದಿನ ಮನೆಗೆ ನಡೆದಳು.

ಗಂಡ ಹೊಲಿಗೆಯ ತುಂಡುಬಟ್ಟೆಗಳನ್ನು ಕತ್ತರಿಸಿ ಒಂದೊಂದು ಮೇಕೆಗೂ ಒಂದೊಂದು ಬಣ್ಣದ ಒರೆಸುವ ಬಟ್ಟೆ ಮಾಡಿಕೊಟ್ಟ. ಗಿರಾಕಿಯೊಬ್ಬರು, "ನನ್ನ ಅಂಗಿ ಹೊಲಿಯೋಕೆ ಪುರುಸೊತ್ತಿಲ್ಲ, ಮೇಕೆಗೆ ಕರ್ಚೀಫು ಬೇರೆ" ಎಂದರು. ಅವನು ತಲೆಯೆತ್ತದೆ, "ನೀವೂ ಹಾಲು ಕೊಡಿ, ನಿಮಗೂ ಹೊಲಿದುಕೊಡ್ತೀನಿ" ಎಂದ.

ರೇಷ್ಮೆಯನ್ನು ಹಿತ್ತಲ ಮೂಲೆಯಲ್ಲಿ ಕಟ್ಟಿದ್ದರು. ಚಕ್ರದಕ್ಕ ಬೇರೆ ಚಪ್ಪಲಿ ಹಾಕಿಕೊಂಡು ಹೋಗಿ ಸೊಪ್ಪು ಹಾಕುವಳು. ಬಂದು ಮೊಣಕೈವರೆಗೂ ಸೋಪು ತಿಕ್ಕಿ ತೊಳೆಯುವಳು. ಅಡುಗೆಮನೆಗೆ ಹೋಗಿ ಯಾಕೆ ಬಂದೆನೆಂದು ಮರೆಯುವಳು. ತೊಳೆದ ಪಾತ್ರೆಯನ್ನೇ ತೊಳೆಯುವಳು. ಹಿಂಡಿನಿಂದ ಬೇರೆಯಾದ ರೇಷ್ಮೆ ಬಿಡದೆ ಕೂಗುತ್ತಿತ್ತು. ಆ ಕೂಗಿಗೆ ಅವಳು ಅರ್ಧ ದಾರಿಯವರೆಗೂ ಹೋಗಿ ಮರಳಿ ಬರುವಳು. ದೇವರ ಮುಂದೆ ನಿಂತರೆ ಬೇಡಿಕೆಯೇ ಬಾಯಿಗೆ ಬರುತ್ತಿರಲಿಲ್ಲ. ಅತ್ತೆಯನ್ನು ಉಳಿಸಿಕೊಟ್ಟವನ ಹತ್ತಿರ ಇನ್ನೂ ಕೇಳುವುದು ಹೇಗೆ? ಕೇಳದೆ ಇರುವುದಾದರೂ ಹೇಗೆ? ದೀಪದ ಬತ್ತಿ ಸರಿಮಾಡಿ ಹಾಗೆಯೇ ತಿರುಗಿ ಬರುವಳು.

ಗುರುವಾರ ಸಂಜೆ ತಮ್ಮ ಬಂದ. ಅಂಗಡಿಯನ್ನು ಅರ್ಧಕ್ಕೇ ಮುಚ್ಚಿ ಬಂದಿದ್ದ. ಹಿತ್ತಲಿಗೆ ಹೋಗಿ ದೂರದಿಂದಲೇ ರೇಷ್ಮೆಯನ್ನು ನೋಡಿ, ಅಕ್ಕನ ಹಿಂದೆ ಹಿಂದೆಯೇ ಅಡುಗೆಮನೆಗೆ ಬಂದ.

"ಅಕ್ಕ, ಒಂದು ನಿಮಿಷ ನಿಂತ್ಕೋ. ಅತ್ತೆಗೆ ಕೊಟ್ರಲ್ಲ ಕೊನೇ ಇಂಜೆಕ್ಷನ್, ಅದನ್ನ ನಾನು ತರಿಸಬಲ್ಲೆ. ನಾಳೆ ಬೆಳಗಾಗೋದ್ರೊಳಗೆ ತಂದ್ಕೊಡ್ತೀನಿ."

ಅವಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಡಾಕ್ಟರಮ್ಮಂಗೆ ಇನ್ನೊಂದು ವಾರ ಬಿಟ್ಟು ಬನ್ನಿ ಅಂತ ಹೇಳು. ಕಾರಣ ಹೇಳ್ಬೇಡ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಅರ್ಧ ಅಲ್ಲ, ಪೂರ್ತಿ ಕೋರ್ಸು ಕೊಡೋಣ. ನೀನು ನಂಗೆ ಹತ್ತಿಯಲ್ಲಿ ಹಾಲು ಹಿಂಡಿದೋಳು ಕಣಕ್ಕ. ಆ ಮೇಕೆ ವಂಶದ್ದು ಇದು. ನಾನಿಷ್ಟೂ ಮಾಡದೆ ಇದ್ರೆ ಹೇಗೆ?"

"ಗುಣ ಆಗುತ್ತೇನೋ?"

"ಆದ್ರೂ ಆಗಬಹುದು."

"ಆಗದಿದ್ರೆ?"

ಮುಂದಿನ ಕೋಣೆಯಲ್ಲಿ ಯಂತ್ರದ ಸದ್ದು ನಿಂತಿತ್ತು. ಒಳಕೋಣೆಯಿಂದ ಅತ್ತೆ, "ಯಾರೇ ಬಂದಿರೋದು? ತಮ್ಮನಾ? ಕಾಫಿ ಕೊಟ್ಯಾ?" ಎಂದು ಕೂಗಿದರು.

"ಕೊಡ್ತಿದ್ದೀನಿ ಅತ್ತೆ" ಎಂದು ಕೂಗಿ, ಚಕ್ರದಕ್ಕ ದನಿ ತಗ್ಗಿಸಿದಳು. "ಆ ಹುಳ ಇದಕ್ಕೂ ಪಳಗಿತು ಅಂತಿಟ್ಕೋ. ಆಮೇಲೆ ಅತ್ತೆ ಕೈಗೆ ಮತ್ತೆ ಬಂದ್ರೆ ಏನು ಕೊಡ್ತೀಯ? ನಿನ್ನ ಮಗುಗೆ ಬಂದ್ರೆ?"

"ಒಂದು ಮೇಕೆಯಿಂದ ಅಷ್ಟೆಲ್ಲ ಆಗುತ್ತಾ ಅಕ್ಕ?"

"ಒಂದು ಅರ್ಧ ಟ್ಯೂಬಿಂದ ಏನಾಗುತ್ತೆ ಅಂತಾನೇ ನಾನೂ ಅಂದ್ಕೊಂಡಿದ್ದೆ."

ಹಿತ್ತಲಲ್ಲಿ ರೇಷ್ಮೆ ಕೂಗಿತು. ಚಕ್ರದಕ್ಕನ ಕಾಲು ಆ ಕಡೆಗೆ ಎಳೆಯಿತು. ಒಲೆಯ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಳು.

"ನಿನ್ನ ಪ್ರೀತಿ ನಂಗೆ ಗೊತ್ತು ಕಣೋ" ಎಂದಳು. "ಬೇಡ. ತರಬೇಡ."